ಸೊಟ್ಟ ಬೇರುಗಳ ಸಮಾಚಾರ

ಮಾರ್ಚ್ 9, ಭಾನುವಾರ

ನನ್ನ ತಂಗಿಯ ಮಗಳೇ, ಮುದ್ದು ಸೊಸೆಯೇ,

ಎರಡು ತಿಂಗಳಿಂದ ಮಾವನ ಕಾಗದವಿಲ್ಲವೆಂದು ಮುನಿಸಿಕೊಂಡಿರುತ್ತೀ. ತಪ್ಪು ನನ್ನದೇ, ಆದರೆ ನೆಪವೂ ಗಟ್ಟಿಯಾಗಿದೆ. ಬಲಗಣ್ಣಿನ ಪೊರೆ ತೆಗೆದರು. ಹದಿನೈದು ದಿನ ತಲೆ ಬಗ್ಗಿಸಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ತಲೆ ಬಗ್ಗಿಸದೆ ಬರೆಯುವ ವಿದ್ಯೆ ನಾಲ್ಕನೇ ಕ್ಲಾಸಿನವರೆಗೆ ಯಾರೂ ಕಲಿಸಲಿಲ್ಲ. ಆಮೇಲೆ ನಾನು ಶಾಲೆಗೇ ಹೋಗಲಿಲ್ಲ. ಈಗ ಕಣ್ಣು ನಿಚ್ಚಳ. "ಇಷ್ಟು ಸುಕ್ಕು ಯಾವಾಗ ಬಂತೇ?" ಎಂದು ನಿನ್ನತ್ತೆಯನ್ನು ಕೇಳಿಬಿಟ್ಟೆ. ಎರಡು ದಿನ ಉಪ್ಪಿಲ್ಲದ ಊಟ.

ಉಪ್ಪೆಂದಾಗ ನೆನಪಾಯಿತು, ಹೇಳಬೇಕಾದ ಸುದ್ದಿಯೂ ಉಪ್ಪಿನದೇ. ನಾನು ರಜೆಯಲ್ಲಿದ್ದಾಗ ನಮ್ಮ ಬೀಜಕೇಂದ್ರದಲ್ಲಿ ಬೇರು ತೊಳೆಯುವ ಕೆಲಸ ಡ್ರೈವರನ ಪಾಲಿಗೆ ಬಿತ್ತಂತೆ. ಒಂದು ಪಕ್ಕ ಉಪ್ಪುಮಣ್ಣು, ಇನ್ನೊಂದು ಪಕ್ಕ ಒಳ್ಳೆಯ ಮಣ್ಣು ತುಂಬಿ, ನಡುವೆ ಜೋಳ ಬಿತ್ತಿದ ಪೆಟ್ಟಿಗೆಗಳು. ನೀನು ಇಲ್ಲಿದ್ದಾಗ ನೋಡಿಕೊಳ್ಳುತ್ತಿದ್ದೆಯಲ್ಲ, ಅವೇ. ಅವನು ತೊಳೆದು ಕಪ್ಪು ಬಟ್ಟೆಯ ಮೇಲಿಟ್ಟ ಬೇರುಗಳನ್ನು ಕಂಡು ಕೇಂದ್ರದ ದೊಡ್ಡ ಮೇಡಂ, "ಏನಯ್ಯ ಇದು? ಎಲ್ಲಾ ಒಂದೇ ಕಡೆ ವಾಲಿವೆ!" ಎಂದರಂತೆ.

"ನಾನೇನೂ ಮಾಡಿಲ್ಲ ಮೇಡಂ. ಹೇಗಿತ್ತೋ ಹಾಗೇ ಇಟ್ಟಿದ್ದೀನಿ."

ನಿನ್ನ ಹಾಗೆ ನನ್ನನ್ನು ಮಾವ ಎಂದೇ ಕರೆಯುವ, ಫೋಟೋ ತೆಗೆಯುವ ಹುಡುಗಿ ಕೇಳಿದಳಂತೆ: "ಮತ್ತೆ ಬಾಚ್ಲಿಲ್ವಾ? ಮಾವ ಬ್ರಷ್ಷಲ್ಲಿ ಬಾಚಿ ನೇರ ಮಾಡ್ತಾರಲ್ಲ!"

"ಬೇರಿಗೂ ಬೈತಲೆ ತೆಗೀಬೇಕಾ?" ಎಂದು ಡ್ರೈವರ್. ಎಲ್ಲರೂ ನಕ್ಕರಂತೆ. ಮೇಡಂ ಮಾತ್ರ ನಗಲಿಲ್ಲವಂತೆ.

ಅಳೆಯಲು ಸುಲಭವಾಗಲಿ, ಫೋಟೋ ಚೆಂದ ಬರಲಿ ಎಂದು ಇಪ್ಪತ್ತೆರಡು ವರ್ಷ ಬಾಚಿದೆ, ತಾಯಿ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡ ಅಚ್ಚುಕಟ್ಟು.

ಮೇಡಂ ಗಾಜಿನ ಪೆಟ್ಟಿಗೆಗಳಲ್ಲಿ ಮತ್ತೆ ಬಿತ್ತಿಸಿದರು, ಕೈ ಸೋಕುವ ಮೊದಲೇ ಕಾಣಲಿ ಎಂದು. ನಾನು ಕೆಲಸಕ್ಕೆ ಮರಳಿ, ಗಾಜಿಗೆ ಮೂಗು ತಗುಲಿಸಿ ನೋಡಿದೆ. ಎರಡೂ ಪಕ್ಕ ಒಳ್ಳೆಯ ಮಣ್ಣಿದ್ದಲ್ಲಿ ಬೇರು ನೆಟ್ಟಗೆ ಕೆಳಗಿಳಿದಿದೆ. ಒಂದು ಪಕ್ಕ ಉಪ್ಪುಮಣ್ಣು ಇದ್ದಲ್ಲಿ ಸ್ವಲ್ಪ ಇಳಿದು, ಬೇಡದ ನೆಂಟರನ್ನು ಕಂಡು ಪಕ್ಕದ ಬೀದಿಗೆ ಹೊರಳಿದವರ ಹಾಗೆ, ಒಳ್ಳೆಯ ಮಣ್ಣಿನತ್ತ ತಿರುಗಿದೆ. ಉಪ್ಪುಮಣ್ಣಿನ ಹದಿನೆಂಟು ಪೆಟ್ಟಿಗೆಗಳಲ್ಲಿ ಹದಿನಾರರಲ್ಲಿ ಹೀಗೇ!

ಕಳೆದ ವರ್ಷವಿಡೀ ನೀನು ಬಡಕೊಂಡದ್ದೂ ಇದನ್ನೇ. ಅದಕ್ಕೇ ತಾನೇ ನಿನಗೆ 'ಸೊಟ್ಟಮ್ಮ' ಎಂದು ಹೆಸರಿಟ್ಟದ್ದು, ಫೋಟೋ ಸಾಕ್ಷಿ ಹೇಳುತ್ತಿಲ್ಲವೆಂದು ನಿನ್ನ ಮಾತನ್ನು ವರದಿಯಿಂದ ಹೊಡೆದುಹಾಕಿದ್ದು, ನೀನು ರಾಜೀನಾಮೆ ಎಸೆದು ಹೋದದ್ದು. ಮೊನ್ನೆ ಮೇಡಂ ಎಲ್ಲರೆದುರು, "ಆ ಹುಡುಗಿ ಹೇಳಿದ್ದೇ ಸರಿ. ವರದೀಲಿ ಅವಳ ಹೆಸರೇ ಮೊದಲು. ವಾಪಸ್ ಬರ್ತಾಳಾ, ಕೇಳಿ" ಎಂದರು. ಅಂದು ಮನೆಗೆ ನಡೆದೇ ಬಂದೆ, ಬಸ್ಸು ಹತ್ತಬೇಕೆಂಬುದೇ ಮರೆತುಹೋಗಿತ್ತು.

ನೀನು ಹಿಡಿದ ಕೆಲಸವೆಲ್ಲ ಚಿಗುರಲಿ, ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಾವ

ಮರೆತು ಕೆಳಗೆ ಬರೆಯುತ್ತಿಲ್ಲ; ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು, ನಿನ್ನ ಮಾತನ್ನು ಹೊಡೆದುಹಾಕಿದ ಸಭೆಯಲ್ಲಿ, ಮೇಡಂ ನನ್ನತ್ತ ತಿರುಗಿ, "ತೊಳೆಯೋವಾಗ ನಿಮಗೆ ಸೊಟ್ಟ ಕಂಡಿತ್ತಾ?" ಎಂದು ಕೇಳಿದರಲ್ಲ. ನೀನು ನನ್ನನ್ನೇ ನೋಡುತ್ತಿದ್ದೆ. ಕಂಡಿತ್ತು ಕಣೇ, ದಿನವೂ ಕಂಡಿತ್ತು. ತೊಳೆಯುವ ನನ್ನ ಕೈಯೇ ಒರಟು, ಅದಕ್ಕೇ ಸೊಟ್ಟ ಅಂದಾರೆಂದು ಹೆದರಿ "ಇಲ್ಲ" ಎಂದೆ. ನಿನ್ನೆ ಮೇಡಂ ಎದುರು ತಪ್ಪೊಪ್ಪಿಕೊಂಡೆ. ನೀನು ಬರುವುದಾದರೆ ಬಾ. ಬಾರದಿದ್ದರೂ ಬೈದಾದರೂ ಒಂದು ಸಾಲು ಬರೆ.