ಆಣೆಗೆ ಬಾರದ ಶಾಸಕರು

ಮಣಿಪಾಲ
18 ಫೆಬ್ರವರಿ 2023

ಪ್ರೀತಿಯ ಅಮ್ಮನಿಗೆ ನಿನ್ನ ಬಾಯಿಬಡಕಿ ಮಗಳ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಎಂತದೂ ಆಗಿಲ್ಲ. ಫೋನಿನಲ್ಲಿ ಕೇಳೋಣವೆಂದರೆ ನಿನ್ನ ಕಿವಿಗೆ ಬೀಳುವಷ್ಟು ನಾನು ಕಿರುಚಬೇಕು. ಆಗ ಈ ಫ್ಲಾಟಿನ ಮೇಲಿನವರಿಗೂ ಕೆಳಗಿನವರಿಗೂ ನಮ್ಮ ಮನೆಯ ರಾಜಕೀಯ ಬಾಯಿಪಾಠವಾಗುತ್ತದೆ. ಕಾರ್ಕಳಕ್ಕೇ ಬಂದು ಕೇಳೋಣವೆಂದರೆ ಗುಣವತಿ ಮಾಮಿ ಎದುರಿಗೇ ಇರುತ್ತಾರೆ. ಮೊಣಕಾಲಿನ ಆಪರೇಷನ್ ಆಗಿ ನಿನ್ನ ಆರೈಕೆಯಲ್ಲಿ ಮಲಗಿರುವವರ ಮುಂದೆ ಅವರ ಅಣ್ಣನ, ಅಂದರೆ ಅಪ್ಪನ, ಮಾನದ ವಿಷಯ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪನ ಎಪ್ಪತ್ತೈದರ ಅಭಿನಂದನಾ ಗ್ರಂಥಕ್ಕೆ ಅವರ ರಾಜಕೀಯ ಜೀವನದ ಅಧ್ಯಾಯ ಬರೆಯುವ ಕೆಲಸವನ್ನು ಸಮಿತಿಯವರು ನನ್ನ ತಲೆಗೆ ಕಟ್ಟಿದ್ದಾರಲ್ಲ, ಅದರದ್ದೇ ತಕರಾರು. ವಕೀಲೆಗೆ ಇದು ಎಂತ ಮಹಾ ಎಂದು ಜಂಬದಿಂದ ಕೂತೆ. 1983ರಲ್ಲಿ ಮೊದಲ ಸಲ ನಿಂತು ಸೋತರು. 85ರಲ್ಲಿ ಗೆದ್ದರು. 89ರಲ್ಲಿ ಈ ಸಲ ತಾರಾನಾಥರ ಕಥೆ ಮುಗಿಯಿತು ಎಂದು ಊರಿಗೆ ಊರೇ ಹೇಳುತ್ತಿದ್ದಾಗ ಗೆದ್ದರು. 99ರಲ್ಲಿ ಠೇವಣಿಯೂ ಉಳಿಯಲಿಲ್ಲ. 2004ರಲ್ಲಿ ಕೂದಲೆಳೆಯಲ್ಲಿ ಗೆದ್ದು, 2008ರಲ್ಲಿ ಇನ್ನು ಸಾಕು ಎಂದು ಕಾಪುವಿನ ಮನೆಯ ಜಗಲಿಗೆ ಬಂದು ಕೂತರು. ಸೇತುವೆ, ಕಿಂಡಿ ಅಣೆಕಟ್ಟು, ಹೈಸ್ಕೂಲು, ಎಲ್ಲ ಚೆಂದ ಬರೆದಾಯಿತು. ಆದರೆ ಮಧ್ಯದಲ್ಲಿ 1994 ಎಂಬ ಒಂದು ವರ್ಷ ಉಂಟಲ್ಲ ಅಮ್ಮ, ಅದರ ಮುಂದೆ ಪೆನ್ನು ನಿಂತಿದೆ.

ನಾಮಪತ್ರ ಹಾಕಿದ್ದರು. ಗೆಲ್ಲುವುದು ಖಂಡಿತ ಎಂದು ಎದುರಿನವರೇ ಒಪ್ಪಿದ್ದರು. ವಾಪಸು ಪಡೆಯುವ ಕೊನೆಯ ದಿನ ತಾಲೂಕು ಆಫೀಸಿಗೆ ಒಬ್ಬರೇ ಹೋಗಿ ಹಿಂದೆ ತೆಗೆದುಕೊಂಡರು. ಯಾಕೆ? ಮನೆಯಲ್ಲಿ ಯಾರೂ ಇದನ್ನು ಮಾತಾಡಿದ್ದು ನಾನು ಕೇಳಿಲ್ಲ. ಆ ತಿಂಗಳೇ ನನ್ನ ಹೆರಿಗೆಗೆಂದು ನೀನು ಬಾಂಬೆಯಲ್ಲಿದ್ದೆ, ನಿನಗೆ ಎಷ್ಟು ಗೊತ್ತೋ ಅದೂ ನನಗೆ ಗೊತ್ತಿಲ್ಲ.

ಹೊರಗಿನವರಿಗೆ ಮಾತ್ರ ಎಲ್ಲ ಗೊತ್ತು! ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರು ನನ್ನನ್ನು ಗೋಣಿಯ ಮೇಲೆ ಕೂರಿಸಿ, ಬೆಂಗಳೂರಿನವರು ನಿಗಮದ ಅಧ್ಯಕ್ಷಗಿರಿಯ ಆಸೆ ತೋರಿಸಿದರು ಎಂದರು. ಪಕ್ಕದವರು, ಅಲ್ಲ ಮಾರಾಯ್ರೆ, ಜ್ಯೋತಿಷಿಯೊಬ್ಬ ಕಂಟಕ ಉಂಟೆಂದು ಹೆದರಿಸಿದ್ದು ಎಂದರು. ಇಬ್ಬರಿಗೂ ಜಗಳ ಹತ್ತಿಕೊಂಡಿತು. ನಾನು ಎದ್ದು ಬಂದದ್ದು ಅವರ ಗಮನಕ್ಕೇ ಬರಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಶಿರ್ವದಲ್ಲಿ. ವಲೇರಿಯನ್ ಅಂಕಲ್ ನಿನಗೆ ನೆನಪುಂಟಲ್ಲ, ಅಪ್ಪನ ಎಲ್ಲ ಚುನಾವಣೆಗಳ ಏಜೆಂಟರು. ಈಗ ಮಗ ಕುವೈತಿನಿಂದ ದುಡಿದು ಕಟ್ಟಿಸಿದ ದೊಡ್ಡ ಮನೆಯಲ್ಲಿ ಕೆಳಗಿನ ಒಂದೇ ಕೋಣೆಯಲ್ಲಿದ್ದಾರೆ, ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ. ಅವರು ಹೇಳಿದ್ದು ಇಷ್ಟು. ಮಲ್ಪೆಯಲ್ಲಿ ಮೀನುಗಾರರ ಸೊಸೈಟಿಯ ಐಸ್ ಪ್ಲಾಂಟಿಗೆಂದು ಬಂದ ಸರಕಾರಿ ಜಾಗವನ್ನು ಅಪ್ಪ ತನ್ನ ಕುಟುಂಬದವರ ಹೆಸರಿಗೆ ಮಾಡಿಸಿಕೊಂಡಿದ್ದಾರೆ ಎಂದು ಎದುರಿನ ಅಭ್ಯರ್ಥಿ ಆಪಾದನೆ ಮಾಡಿದ. ನಮ್ಮ ಕಡೆ ಇಂಥ ಮಾತು ಕೋರ್ಟಿನಲ್ಲಿ ಮುಗಿಯುವುದುಂಟಾ? ಸುಳ್ಳಾದರೆ ದೇವಸ್ಥಾನಕ್ಕೆ ಬಂದು ದೇವರ ನಡೆಯಲ್ಲಿ ಆಣೆ ಹಾಕಲಿ ಎಂದು ಅವನು ಸವಾಲು ಹಾಕಿದ. ಅಪ್ಪ ಕಾಪು ಪೇಟೆಯ ಸಭೆಯಲ್ಲಿ ಒಪ್ಪಿಕೊಂಡರು. ಬರೇ ಒಪ್ಪಿದ್ದಲ್ಲ, ನಾನು ಆ ದಿನ ಬಾರದೇ ಹೋದರೆ ನನಗೆ ಒಂದು ಓಟೂ ಹಾಕಬೇಡಿ ಎಂದೂ ಮೈಕಿನಲ್ಲಿ ಹೇಳಿದರು. ಆ ದಿನ ಬಂತು. ಎದುರಿನವನು ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ನಡೆಯ ಮುಂದೆ ನಿಂತ. ಜನ ಜಾತ್ರೆಯ ಹಾಗೆ ಸೇರಿತ್ತು. ಅಪ್ಪ ಹೋಗಲಿಲ್ಲ.

ಅಂಕಲ್ ಹೇಳಿದ ಮಾತು ಅವರದ್ದೇ ಧಾಟಿಯಲ್ಲಿ ಬರೆಯುತ್ತೇನೆ. “ಬೆಳಿಗ್ಗೆ ನಾನೇ ಜೀಪು ತಗೊಂಡು ಹೋದದ್ದು ಮಗಾ. ಸ್ನಾನ ಆಗಿ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ರು. ಹೊರಡುವ ಅಂದೆ. ನಾನು ಬರುವುದಿಲ್ಲ ವಲೇರಿ ಅಂದ್ರು. ಜ್ವರವಾ ಕೇಳಿದೆ, ಅಲ್ಲ. ಹೆದರಿಕೆಯಾ ಕೇಳಿದೆ, ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಅಳು ಬಂತು ಮಾರಾಯ್ತಿ.” ಆಮೇಲೆ ಅವರು ಶಿಲುಬೆಯ ಗುರುತು ಮಾಡಿಕೊಂಡು, ಕಾರಣ ಇವತ್ತಿನವರೆಗೆ ನನಗೂ ಹೇಳಿಲ್ಲ, ಸಾಯುವ ಮುಂಚೆ ತಿಳಿದರೆ ಒಳ್ಳೆಯದಿತ್ತು ಎಂದರು.

ನನಗೆ ತಲೆ ಕೆಟ್ಟಿರುವುದು ಎಲ್ಲಿ ಗೊತ್ತಾ? ಮಲ್ಪೆಗೆ ಹೋಗಿ ನಾನೇ ಆ ಜಾಗದ ಪಹಣಿ ತೆಗೆಸಿ ನೋಡಿದೆ. ಆಗಲೂ ಈಗಲೂ ಅದು ಸೊಸೈಟಿಯ ಹೆಸರಿನಲ್ಲೇ ಉಂಟು. ಐಸ್ ಪ್ಲಾಂಟು ಗಡಗಡ ಓಡುತ್ತಿದೆ, ಹೊರಗೆ ಮೀನಿನ ಲಾರಿಗಳು ಸಾಲು ನಿಂತಿವೆ. ಅಪ್ಪ ತಪ್ಪು ಮಾಡಿರಲೇ ಇಲ್ಲ! ಮತ್ತೆ ಯಾಕೆ ಹೋಗಲಿಲ್ಲ? ತಪ್ಪು ಮಾಡಿದವನು ಹೆದರುವುದು ಸರಿ, ಮಾಡದವರಿಗೆ ಎಂತ ಹೆದರಿಕೆ? ಕಳೆದ ಭಾನುವಾರ ಅಪ್ಪನಲ್ಲೇ ನೇರ ಕೇಳಿದೆ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಆ ಅಧ್ಯಾಯ ಬಿಟ್ಟು ಬರಿ ಮಗಾ ಎಂದರು. ಪೇಪರು ತಲೆಕೆಳಗಾಗಿತ್ತು.

ಬಿಡಬಹುದಿತ್ತು, ಆದರೆ ಇನ್ನೊಂದು ವಿಷಯ ಉಂಟು, ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಸಲದ ವಿಧಾನಸಭೆಗೆ ನಾನು ನಿಲ್ಲಬೇಕೆಂದು ಪಕ್ಷದವರು ಕೇಳಿದ್ದಾರೆ. ಮಾರ್ಚ್ ಮೊದಲ ವಾರದೊಳಗೆ ಉತ್ತರ ಕೊಡಬೇಕು. ನನಗೆ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ, ತುಂಬ ಆಸೆ ಉಂಟು. ಪಕ್ಷದ ಕಡೆಯಿಂದ ಮಾತಾಡಲು ಬಂದಿದ್ದ ಹರ್ಷಿತ್ ಹೋಗುವಾಗ ಮೆಲ್ಲ ಹೇಳಿದ: “ಮೇಡಂ, ಎದುರಿನವರು ಮೊದಲು ಎತ್ತುವುದು ಅದನ್ನೇ. ಆಣೆಗೆ ಹೆದರಿ ಓಡಿದವರ ಮಗಳು ಅಂತ. ನಿಮ್ಮ ಹತ್ತಿರ ಉತ್ತರ ಉಂಟಲ್ವಾ?” ಕೋರ್ಟಿನಲ್ಲಿ ಯಾರ ಮುಂದೆಯೂ ಬಾಯಿ ಕಟ್ಟದವಳು ಒಬ್ಬ ಕಾರ್ಯಕರ್ತನಿಗೆ ಚಹಾ ಕುಡಿದು ಹೋಗು ಎಂದು ಮಾತು ತಿರುಗಿಸಿದೆ.

ಅಪ್ಪನ ಮೇಲೆ ಆ ಮಾತು ಬಂದಾಗ ತಲೆಯೆತ್ತಿ ಉತ್ತರ ಕೊಡಲು ಆಗದಿದ್ದರೆ ನಾನು ನಿಲ್ಲುವುದಿಲ್ಲ ಅಮ್ಮ. ಇಷ್ಟೇ ನನ್ನ ಪ್ರಶ್ನೆ. ಅವರು ಯಾಕೆ ಹೋಗಲಿಲ್ಲ? ಕೆಟ್ಟದ್ದೇ ಆಗಿರಲಿ, ನನಗೆ ಗೊತ್ತಾಗಬೇಕು.

ಮಾಮಿಗೆ ನಮಸ್ಕಾರ ಹೇಳು, ಕಾಲಿಗೆ ಎಣ್ಣೆ ಹಾಕಲು ಡಾಕ್ಟರರು ಬೇಡವೆಂದಿದ್ದಾರೆಂದು ನೆನಪು ಮಾಡು.

ನಿನ್ನ
ಆಶ್ರಿತಾ

~

ಕಾರ್ಕಳ
23 ಫೆಬ್ರವರಿ 2023

ಮುದ್ದಿನ ಆಶ್ರಿತಾಳಿಗೆ ಅಮ್ಮನ ಆಶೀರ್ವಾದಗಳು.

ನನ್ನ ಬಟಾಣಿಗೆ ಪತ್ತೇದಾರಿಯ ಹುಚ್ಚು ಹಿಡಿದಿದೆ ಎಂದು ನಗುತ್ತಾ ಓದಲು ಶುರು ಮಾಡಿದೆ, ಮುಗಿಯುವಾಗ ನಗು ಇರಲಿಲ್ಲ. ಇಷ್ಟು ದೊಡ್ಡವಳಾದರೂ ಬಟಾಣಿ ಎನ್ನುತ್ತೇನೆಂದು ಸಿಟ್ಟು ಮಾಡಬೇಡ. ಮೊದಲು ಉತ್ತರ ತೆಗೆದುಕೋ. ನಿನ್ನ ಅಪ್ಪ ಕಳ್ಳರೂ ಅಲ್ಲ, ಹೆದರುಪುಕ್ಕಲರೂ ಅಲ್ಲ. ಇದನ್ನು ನಾನು ಯಾವ ನಡೆಯಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಅವರು ಹೋಗದೆ ಇದ್ದದ್ದು ಅಮೆಯ ದೆಸೆಯಿಂದ. ಕುಟುಂಬದಲ್ಲಿ ಹೆರಿಗೆಯಾದರೆ ಆ ಸೂತಕ ಕಳೆಯುವವರೆಗೆ ಕುಟುಂಬದವರು ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ, ನಿನ್ನ ಕಾಲದವರು ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಹಿಡಿಯುವವರು. ಆ ಬೆಳಿಗ್ಗೆ ಅವರ ಕುಟುಂಬದಲ್ಲಿ ಒಂದು ಮಗು ಹುಟ್ಟಿತು. ಹೆತ್ತದ್ದು ಗುಣವತಿ.

ಎರಡು ಸಲ ಓದಬೇಡ, ಸರಿಯಾಗಿಯೇ ಓದಿದ್ದೀಯ. ಆಗ ಅವಳು ಬಾಂಬೆಯಲ್ಲಿ ಕನ್ನಡ ಶಾಲೆಯ ಟೀಚರು. ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಆ ಗಂಡಸಿನ ವಿಷಯ ಹೇಳುವುದಾದರೆ ಅವಳೇ ಹೇಳಬೇಕು, ನಾನಲ್ಲ. ಅವಳ ಜೀವ ಉಳಿಯುವುದೇ ಸಂಶಯ ಎಂದು ಡಾಕ್ಟರು ಹೇಳಿದ್ದರಿಂದ, ಎಂತ ಆದರೂ ಆ ಕೂಡಲೇ ತಿಳಿಸು ಎಂದು ನಿನ್ನ ಅಪ್ಪ ನನಗೆ ಕಟ್ಟುನಿಟ್ಟು ಮಾಡಿದ್ದರು. ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ನಾನೇ ಫೋನು ಮಾಡಿದೆ.

ತಾಯಿ, ಮಗು ಚೆನ್ನಾಗಿದ್ದಾರಲ್ಲ ಎಂದು ಕೇಳಿದರು. ಹೌದೆಂದೆ. ಆಮೇಲೆ, ಹಾಗಾದರೆ ಇವತ್ತು ನಾನು ಹೋಗುವ ಹಾಗಿಲ್ಲ ಎಂದರು. ನಾನು ಬೂತಿನಲ್ಲೇ ಅತ್ತುಬಿಟ್ಟೆ. “ನಮ್ಮ ಮೂವರಿಗೆ ಬಿಟ್ಟರೆ ಯಾರಿಗೆ ಗೊತ್ತುಂಟು? ಹೋಗಿ ಬನ್ನಿ” ಎಂದು ಬೇಡಿಕೊಂಡೆ. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲುಂಟು: “ಯಾರಿಗೆ ಗೊತ್ತು ಅಂತ ಕೇಳ್ತೀಯಲ್ಲ ನಳಿನಾಕ್ಷಿ, ನಾನು ಆಣೆ ಹಾಕಲು ಹೊರಟದ್ದು ಯಾರ ಮುಂದೆ?”

ಅಮೆ ಕಳೆದ ಮೇಲೆ ಹೋಗುತ್ತೇನೆ ಎನ್ನಬಹುದಿತ್ತು. ಆದರೆ ಯಾರ ಅಮೆ ಎಂದು ಕೇಳದೆ ಬಿಡುವ ಊರೇ ಇದು? ಅವರ ಕುಟುಂಬದಲ್ಲಿ ಹೆರುವ ವಯಸ್ಸಿನ ಹೆಣ್ಣು ಇದ್ದದ್ದೇ ಒಬ್ಬಳು ತಂಗಿ. ಬಾಯಿ ತೆರೆದರೆ ಅವಳ ಮಾನ, ತೆರೆಯದಿದ್ದರೆ ತನ್ನದು. ತನ್ನದನ್ನು ಕೊಟ್ಟರು. ಬಾರದಿದ್ದರೆ ಓಟು ಹಾಕಬೇಡಿ ಎಂದು ತಾನೇ ಹೇಳಿದ್ದರಲ್ಲ, ಆ ಮಾತು ಮುರಿದು ಜನರ ಮುಂದೆ ನಿಲ್ಲುವುದಿಲ್ಲವೆಂದು ನಾಮಪತ್ರ ವಾಪಸು ಪಡೆದರು. 99ರಲ್ಲಿ ಠೇವಣಿ ಹೋದದ್ದೂ ಆಣೆಗೆ ಬಾರದವರೆಂಬ ಇದೇ ಅಪವಾದದಿಂದ. ಮನೆಯ ಗೋಡೆಯ ಮೇಲೆ ಹೇಡಿ ಎಂದು ಬರೆದಿದ್ದರು. ಸುಣ್ಣ ಹೊಡೆದದ್ದು ಅವರೇ, ಒಂದು ದಿನವೂ ತಂಗಿಗೆ ಇದನ್ನು ಎತ್ತಿ ಆಡಿದವರಲ್ಲ. ನನ್ನ ಗಂಡನೆಂದು ಹೇಳುವುದಲ್ಲ, ಅಂಥ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಮಗು ಎಂತಾಯಿತೆಂದು ನೀನು ಕೇಳದೆ ಇರುವವಳಲ್ಲ. ಒಳ್ಳೆಯ ಮನೆಯಲ್ಲಿ ಬೆಳೆಯಿತು, ಚೆನ್ನಾಗಿದೆ. ಅಷ್ಟು ಸಾಕು.

ಪುಸ್ತಕದಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂದು ಒಂದು ಸಾಲು ಬರೆದು ಮುಂದೆ ಹೋಗು. ನೀನು ತಿಳಿದುಕೊಂಡೆಯಲ್ಲ, ತಲೆಯೆತ್ತಿ ನಿಲ್ಲಲು ಅದು ಸಾಲದೇ? ನಿಲ್ಲುವುದಾದರೆ ನಿಲ್ಲು, ಅಪ್ಪನಿಗೆ ಹೇಳಿಯೇ ನಿಲ್ಲು. ಅವರು ಬೇಡವೆನ್ನುವುದಿಲ್ಲ, ಒಳಗೊಳಗೆ ಖುಷಿಯಾಗುತ್ತದೆ. ಊಟ ತಪ್ಪಿಸಬೇಡ.

ಇತಿ ನಿನ್ನ ಪ್ರೀತಿಯ
ಅಮ್ಮ

ಮತ್ತೆ: ಇದನ್ನು ಮರುದಿನ ಬರೆಯುತ್ತಿದ್ದೇನೆ. ಗುಣವತಿಯ ವಿಷಯ ಬರೆದು ಅವಳಿಗೇ ತಿಳಿಸದೆ ಕಳಿಸುವುದು ನ್ಯಾಯವಲ್ಲವೆಂದು ಕಾಗದವನ್ನು ಓದಿ ಹೇಳಿದೆ. ಗೋಡೆ ನೋಡಿಕೊಂಡು ಕೇಳಿದಳು. ಮುಗಿದ ಮೇಲೆ, “ಅತ್ತಿಗೆ, ಅರ್ಧಕ್ಕೇ ಯಾಕೆ ನಿಲ್ಲಿಸಿದಿರಿ?” ಎಂದಳು. ಹಾಗಾಗಿ ಉಳಿದರ್ಧ. ಆ ಬೆಳಿಗ್ಗೆ ಬಾಂಬೆಯಲ್ಲಿ ನಮ್ಮಿಬ್ಬರ ಮಧ್ಯೆ ಹುಟ್ಟಿದ್ದು ಒಂದೇ ಮಗು, ಅದು ನೀನು. ನನಗೆ ಮಕ್ಕಳಾಗಿರಲಿಲ್ಲ. ಬಸುರಿ ಎಂದು ಊರಿಗೆ ಹೇಳಿ ಅವಳ ಬಳಿ ಹೋಗಿದ್ದೆ, ನಿನ್ನನ್ನು ಎತ್ತಿಕೊಂಡು ಬಂದೆ. ಹೆಂಡತಿ ಹೆತ್ತಳು, ಹಾಗಾಗಿ ಅಮೆ ಎಂದೂ ಅವರು ಹೇಳುವ ಹಾಗಿರಲಿಲ್ಲ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬದವರು, ನಾನು ಹೆತ್ತಿದ್ದರೆ ಅಮೆ ನನ್ನ ಕಡೆಯವರಿಗೆ ಬರುತ್ತಿತ್ತು, ಅವರಿಗಲ್ಲ; ಅವರಿಗೆ ಬರುವುದು ತಂಗಿ ಹೆತ್ತರೆ. ಇದು ಊರಿನ ಎಲ್ಲರಿಗೂ ಗೊತ್ತಿರುವ ವಿಷಯ. ಈಗ ಗುಣವತಿ ಹೇಳುತ್ತಾಳೆ, ಪುಸ್ತಕದಲ್ಲಿ ಬರೆಯಲಿ, ನನ್ನ ಹೆಸರು ಹಾಕಿಯೇ ಬರೆಯಲಿ, ಅಣ್ಣ ಕಣ್ಣು ಮುಚ್ಚುವ ಮೊದಲು ಊರಿಗೆ ತಿಳಿಯಲಿ ಎಂದು. ಬರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅದಕ್ಕೂ ಮೊದಲು ಒಮ್ಮೆ ಇಲ್ಲಿಗೆ ಬಾ, ಇಬ್ಬರೂ ಕಾಯುತ್ತಿದ್ದೇವೆ. ಅವಳನ್ನು ಇನ್ನು ಮಾಮಿ ಎನ್ನುತ್ತೀಯೋ ಬೇರೆ ಎಂತ ಎನ್ನುತ್ತೀಯೋ, ನಾನು ಕೇಳುವುದಿಲ್ಲ. ನನ್ನನ್ನು ಮಾತ್ರ ಅಮ್ಮ ಎಂದೇ ಕರೆ.