ಕಾಂತಿ ಟೀಚರ್ ಸಹಿ

ನವೆಂಬರ್ 11, 2024. ಸಂಜೆ 6

ಮೂರು ಅರ್ಜಿ ಮುಗಿಯಿತು. ಪುತ್ತಿಗೆಯ ಆಸ್ಯಮ್ಮನ ಜೀವನಾಂಶ, ಜೈಲಿನಲ್ಲಿರುವ ಒಬ್ಬನ ಜಾಮೀನು, ದಿನವಿಡೀ ನಿಂತೇ ಇರಬೇಕಾದ ಬಟ್ಟೆ ಅಂಗಡಿ ಹುಡುಗಿಯರ ದೂರು. ಮೂರಕ್ಕೂ ನನ್ನ ಮೆಚ್ಚಿನ ಪ್ಯಾರಾ: 'ಘನತೆಯಿಂದ ಬದುಕುವುದು ಸಂವಿಧಾನ ಕೊಟ್ಟ ಹಕ್ಕು...' ಸೀನಿಯರ್ ಲೋಕನಾಥ ಸರ್ ನಕ್ಕರು.

"ಜುವೈರಿಯಾ, ನಿನ್ನ ಈ ಪ್ಯಾರಾ ಕೊತ್ತಂಬರಿ ಸೊಪ್ಪಿನ ಹಾಗೆ ಮಾರಾಯ್ತಿ. ಎಲ್ಲದರಲ್ಲೂ ಉಂಟು."

"ಕೇಸು ಬೇರೆಯಾದ್ರೆ ಮನುಷ್ಯ ಬೇರೆ ಆಗ್ತಾನಾ ಸರ್?"

ಸರ್ ಮೂರನ್ನೂ ಒಪ್ಪಿ ಸಹಿ ಹಾಕಿ ಕೊಟ್ಟರು. ಬಂಟ್ವಾಳದ ಬಸ್ಸಿನಲ್ಲಿ ಮನೆ ತನಕ ಅದೇ ಖುಷಿ.

ನವೆಂಬರ್ 14

ಬೆಳುವಾಯಿ. ಕಾಂತಿ ಟೀಚರ್ ಮನೆ. ನಿವೃತ್ತ ಶಿಕ್ಷಕಿ, ಎಪ್ಪತ್ತೊಂದು. ಮೊಣಕಾಲು ಹೋಗಿದೆ, ಮೆಟ್ಟಿಲು ಹತ್ತಲಾಗದು. ಕೈ ನಡುಗಿ ಬರೆಯುವುದು ನಿಧಾನ. ನಾಲಗೆ ಮಾತ್ರ ಬಲು ಚುರುಕು. ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದಾಗ ಅವರ ಅಣ್ಣನ ಮಗ ಉಜ್ವಲ್ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ಅದರ ಪ್ರಕಾರ ಅವರ ಮನೆ ಅವನಿಗೆ. ನಮ್ಮ ಬಲ ಒಂದೇ — ಎಚ್ಚರವಿದ್ದಾಗ ಟೀಚರ್ ಎಂದೂ ಹೆಬ್ಬೆಟ್ಟು ಒತ್ತಿದವರಲ್ಲ.

"ಅವನಿಗೆ ಬರೀಲಿಕ್ಕೆ ಕಲಿಸಿದ್ದೂ ನಾನೇ ಮಾರಾಯ್ತಿ."

ಗೆಲ್ಲುತ್ತೇವೆ. ಇದಕ್ಕೂ ಆ ಪ್ಯಾರಾ.

ನವೆಂಬರ್ 18. ಮಧ್ಯಾಹ್ನ

ಮೂಡುಬಿದಿರೆ. ಅಫಿಡವಿಟ್ ಮಾಡಿಸಬೇಕಿತ್ತು. ನೋಟರಿ ಮಹಡಿಯಲ್ಲಿ, ಟೀಚರ್ ಕೆಳಗೆ ರಿಕ್ಷಾದಲ್ಲಿ. ಹತ್ತಲಾಗದ ಮುದುಕಿಯರು ಬಂದರೆ ನೋಟರಿಯ ಗುಮಾಸ್ತ ಬಾವಾ ಇಂಕ್ ಪ್ಯಾಡ್ ಹಿಡಿದು ಇಳಿಯುವುದು ರೂಢಿ. ಓದು ಬರಹ ಬರುತ್ತದಾ ಎಂದು ಯಾರೂ ಕೇಳುವುದಿಲ್ಲ. ನಾನು ಫೋನಿನಲ್ಲಿದ್ದೆ. "ಹೆಬ್ಬೆಟ್ಟು ಒತ್ತಿಸುವಾ?" ಎಂದ. ತಲೆಯಾಡಿಸಿದೆ!

ಬಾವಾ ಹೆಬ್ಬೆರಳು ಹಿಡಿದು ಪ್ಯಾಡಿಗೆ ಒತ್ತಿದ. ಟೀಚರ್ ಕೈ ಎಳೆದುಕೊಂಡರು. ಕೂಗಲಿಲ್ಲ.

"ಜುವೈರಿಯಾ, ಉಜ್ವಲ್ ಮಾಡಿದ್ದೂ ಇಷ್ಟೇ ಅಲ್ವಾ?"

"ಗಡಿಬಿಡಿಯಲ್ಲಿ ಟೀಚರ್..."

"ಅವನಿಗೂ ಗಡಿಬಿಡಿ ಇತ್ತು."

ಓಡಿಹೋಗಿ ಹೋಟೆಲಿನಿಂದ ಮೇಜು ಕೇಳಿ ತಂದೆ. ಇವತ್ತು ಬೇಡ ಎಂದರು ಟೀಚರ್. ನೀಲಿ ಬೆರಳನ್ನು ಸೆರಗಿಗೆ ಒರೆಸುತ್ತಲೇ ಹೋದರು.

ನವೆಂಬರ್ 19

ಬೆಳುವಾಯಿಗೆ ಹೋಗಿ ಟೀಚರ್ ಹತ್ತಿರ ಕ್ಷಮೆ ಕೇಳಿದೆ. ಚಹಾ ಕೊಟ್ಟರು. ನನ್ನ ಪ್ಯಾರಾ ಓದಿಸಿದರು.

"ಭಾಷೆ ಒಳ್ಳೇದುಂಟು. ನನ್ನತ್ರ ಕೇಳಿ ಬರೆದದ್ದಾ?"

ಅಲ್ಲ. ಪೂರ್ತಿ ಹೊಡೆದುಹಾಕಿದೆ. ಅವರು ಹೇಳಿದಂತೆ ಬರೆದುಕೊಂಡೆ: 'ನನಗೆ ಬರೆಯಲು ಬರುತ್ತದೆ. ಕುರ್ಚಿ, ಮೇಜು, ಸ್ವಲ್ಪ ಸಮಯ ಕೊಟ್ಟರೆ ಸಾಕು.' ಎಂಟು ವರ್ಷದ ವಕೀಲಿಯಲ್ಲಿ ಇಷ್ಟು ಒಳ್ಳೆಯ ಪ್ಯಾರಾ ನಾನು ಬರೆದಿಲ್ಲ. ನಾಳೆ ನೋಟರಿಯೇ ಟೀಚರ್ ಮನೆಗೆ ಬರುತ್ತಾರೆ. ಕರೆತರುವುದು ನನ್ನ ಕೆಲಸ.

ಆಗಸ್ಟ್ 20, 2025. ಬೆಳಿಗ್ಗೆ 11.50. ಕೋರ್ಟಿನಲ್ಲೇ

ಟೀಚರ್ ಸಾಕ್ಷ್ಯ ಮುಗಿಯಿತು. ಟೀಚರ್‌ಗೆ ಮೆಟ್ಟಿಲು ಹತ್ತಲಾಗದು ಎಂಬ ನಮ್ಮ ಅರ್ಜಿ ಒಪ್ಪಿ ನ್ಯಾಯಾಧೀಶರೇ ಕೆಳಗಿನ ಕೋಣೆಗೆ ಬಂದಿದ್ದಾರೆ. ಕುರ್ಚಿ ಇದೆ, ಮೇಜೂ ಇದೆ. ಉಜ್ವಲ್ ವಕೀಲರು ಕೇಳಿದರು — "ಕೈ ನಡುಗುವವರಿಗೆ ಹೆಬ್ಬೆಟ್ಟೇ ಸುಲಭ ಅಲ್ಲವೇ?"

"ಯಾರಿಗೆ ಸುಲಭ?" ಎಂದರು ಟೀಚರ್.

ಹೇಳಿಕೆ ಪ್ರಿಂಟ್ ಆಗಿ ಬಂತು. ಕ್ಲರ್ಕ್ ಅಭ್ಯಾಸಬಲದಿಂದ ಇಂಕ್ ಪ್ಯಾಡ್ ಮುಂದೆ ತಳ್ಳಿದರು. ನಾನು ಏಳುವ ಮೊದಲೇ ಟೀಚರ್ ಅದನ್ನು ಪಕ್ಕಕ್ಕೆ ಸರಿಸಿ ಚೀಲದಿಂದ ಪೆನ್ನು ತೆಗೆದರು. ಉಜ್ವಲ್ ಎದುರೇ ಕುಳಿತಿದ್ದಾನೆ. ಟೀಚರ್ ನಿಧಾನಕ್ಕೆ ಹೆಸರು ಬರೆಯುತ್ತಿದ್ದಾರೆ. ನ್ಯಾಯಾಧೀಶರು ಕಾಯುತ್ತಿದ್ದಾರೆ, ಎಲ್ಲರೂ ಕಾಯುತ್ತಿದ್ದೇವೆ. 'ಕಾ' ಬಂತು. ಪಕ್ಕದಲ್ಲಿ ದುಂಡಗೆ ಸೊನ್ನೆ. ಈಗ 'ತಿ' —