ಯಾವುದೇ ಊಹೆಯಿಂದ ಹೊರಟರೂ

ಪ್ರೀತಿಯ ಸೊನ್ನೆ,

ನಿನ್ನ ಕುರ್ಚಿಗೆ ಹೊಸಬರು ಬಂದಿದ್ದಾರೆ. ಸಂಖ್ಯಾಶಾಸ್ತ್ರದವರು, ಮಾತು ಕಡಿಮೆ, ಒಳ್ಳೆಯ ಮನುಷ್ಯ. ಬಂದ ಮೊದಲ ದಿನವೇ ಎದ್ದು ಹೋಗಿ ಕಿಟಕಿ ತೆರೆದುಬಿಟ್ಟರು. ಅದು ತೆರೆಯುವುದೇ ಇಲ್ಲ ಎಂದುಕೊಂಡು ಹದಿನೇಳು ಬೇಸಿಗೆ ನಾವಿಬ್ಬರೂ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆವಲ್ಲ, ಅದಕ್ಕೆ ಕೆಳಗಡೆ ಇನ್ನೊಂದು ಚಿಲಕವಿತ್ತು ಕಣೇ. ಗಣಿತದಲ್ಲಿ ಡಾಕ್ಟರೇಟ್ ಮಾಡಿದ ಇಬ್ಬರು ಹೆಂಗಸರಿಗೆ ಒಂದು ಚಿಲಕ ಕಾಣಲಿಲ್ಲ. ಇದನ್ನು ನಿನಗೆ ಹೇಳಬೇಕೆಂದು ಥಟ್ಟನೆ ತಿರುಗಿದೆ. ಅವರು 'ಏನು ಮೇಡಂ?' ಎಂದರು. 'ಏನಿಲ್ಲ, ಗಾಳಿ ಚೆನ್ನಾಗಿ ಬರ್ತಿದೆ' ಎಂದೆ.

ನೀನು ಹೋಗಿ ಎಂಟು ತಿಂಗಳಾಯಿತು. ಇವತ್ತಿನವರೆಗೆ ನಾನು ಅತ್ತಿಲ್ಲ. ಸಂತಾಪ ಸಭೆಯಲ್ಲಿ ಮೈಕು ಕಿರುಚುತ್ತಿತ್ತು, ಎಲ್ಲರೂ ಮಾತಾಡಿ ಮುಗಿಸುವವರೆಗೂ ನಾನು ಅದರ ವಯರು ಅಲ್ಲಾಡಿಸುತ್ತಾ ನಿಂತಿದ್ದೆ. ಗಟ್ಟಿ ಹೆಂಗಸು ಅಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಿಕೊಂಡ ದಿನ ಒಸಡು ಮರಗಟ್ಟಿರುತ್ತದಲ್ಲ, ಹಾಗಿದ್ದೇನೆ ಅಷ್ಟೇ. ಊಟ ಮಾಡುತ್ತೇನೆ, ಪಾಠ ಮಾಡುತ್ತೇನೆ, ಉತ್ತರ ಪತ್ರಿಕೆಗಳನ್ನು ಗಡುವಿಗೆ ಮೊದಲೇ ತಿದ್ದಿ ಕೊಡುತ್ತೇನೆ. ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀನಿ ಅನ್ನುತ್ತೇನೆ, ಅವರೂ ಅಷ್ಟಕ್ಕೇ ಬಿಡುತ್ತಾರೆ.

ಇವತ್ತು ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ನಮ್ಮ ಪ್ರಮೇಯದಲ್ಲಿ ತಪ್ಪು ಸಿಕ್ಕಿದೆ.

ಹಿಡಿದವರು ನೀರು ಸರಬರಾಜು ಕಚೇರಿಯ ಒಬ್ಬ ಎಂಜಿನಿಯರ್. ಊರಿನ ಕೊಳವೆಗಳು ಕೂಡುವ ಒಂದೊಂದು ಕಡೆಯಲ್ಲೂ ನೀರಿನ ಒತ್ತಡ ಎಷ್ಟೆಂದು ಪ್ರತಿ ಬೆಳಿಗ್ಗೆ ನಮ್ಮ ವಿಧಾನದಲ್ಲಿ ಲೆಕ್ಕ ಹಾಕುತ್ತಾರಂತೆ. ನಮ್ಮ ಲೇಖನ ಓದಿ ಒಬ್ಬರು ನಿಜವಾದ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿದರೆ ನೀನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದೆ. ನೀನು ಹೊಸ ತರಗತಿಗೆ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ: 'ಲಕ್ಷ ಸಮೀಕರಣ, ಲಕ್ಷ ಗೊತ್ತಿಲ್ಲದ ಸಂಖ್ಯೆ. ಒಂದೇ ಏಟಿಗೆ ಬಿಡಿಸ್ತೀನಿ ಅಂತ ಹೋದ್ರೆ ಕಂಪ್ಯೂಟರ್ ಮಕಾಡೆ ಮಲಗುತ್ತೆ. ಅದಕ್ಕೆ ಮೊದ್ಲು ಒಂದು ಉತ್ತರ ಊಹಿಸಿ. ಎಷ್ಟು ತಪ್ಪಿದೆ ನೋಡಿ, ಅಷ್ಟು ತಿದ್ದಿ. ಮತ್ತೆ ನೋಡಿ, ಮತ್ತೆ ತಿದ್ದಿ. ಅಡುಗೆಗೆ ಉಪ್ಪು ಹಾಕಿದ ಹಾಗೆ.' ಒಬ್ಬಳು ಎದ್ದು, ಉಪ್ಪು ಜಾಸ್ತಿಯಾದರೆ ತೆಗೆಯುವುದು ಹೇಗೆ ಮೇಡಂ ಎಂದಳು. 'ಅದಕ್ಕೇ ನಾನು ಅಡುಗೆ ಬಿಟ್ಟು ಗಣಿತಕ್ಕೆ ಬಂದಿದ್ದು' ಎಂದೆ ನೀನು. ಮೊದಲ ಊಹೆ ಏನಿರಬೇಕು ಎಂದು ಕೇಳಿದರೆ ನಿನ್ನದು ಒಂದೇ ಉತ್ತರ. 'ಸೊನ್ನೆ. ಏನೂ ಗೊತ್ತಿಲ್ಲ ಅಂತ ಒಪ್ಕೊಂಡು ಹೊರಡೋದು ಮರ್ಯಾದೆ.' ಸೊನ್ನೆ ಮೇಡಂ ಎಂಬ ಹೆಸರು ನಿನಗೆ ಅಂಟಿದ್ದು ಹಾಗೆ.

ಎಂಜಿನಿಯರ್ ಸಮಯ ಉಳಿಸಲು ಒಂದು ದಿನ ಸೊನ್ನೆಯ ಬದಲು ಹಿಂದಿನ ದಿನದ ಉತ್ತರವನ್ನು ಟ್ಯಾಂಕಿನ ಮಾಪಕ ತೋರಿಸಿದ ಒತ್ತಡಕ್ಕೆ ಹೊಂದಿಸಿ, ಅದನ್ನೇ ಮೊದಲ ಊಹೆಯಾಗಿ ಕೊಟ್ಟರಂತೆ. ಜಾಣತನವೇ. ಲೆಕ್ಕ ಬೇಗ ಮುಗಿಯಿತು, ಉತ್ತರ ಮಾತ್ರ ಬೇರೆ ಬಂತು. ಎಲ್ಲ ಕಡೆಯ ಒತ್ತಡವೂ ಸರಿಯಾಗಿ ಒಂದೇ ಅಳತೆಯಷ್ಟು ಹೆಚ್ಚು. ಅವರು ಎಷ್ಟು ವಿನಯದಿಂದ ಬರೆದಿದ್ದಾರೆ ಎಂದರೆ ಓದಲು ಸಂಕಟವಾಗುತ್ತದೆ. 'ಯಾವುದೇ ಊಹೆಯಿಂದ ಹೊರಟರೂ ಒಂದೇ ಉತ್ತರ ಅಂತ ನಿಮ್ಮ ಪ್ರಮೇಯದಲ್ಲಿದೆ ಮೇಡಂ, ನಾನೇ ಎಲ್ಲೋ ಎಡವಿರಬೇಕು.'

ಅವರು ಎಡವಿಲ್ಲ. ಎರಡನೇ ಸಲ ಓದುವ ಮೊದಲೇ ನನಗೆ ಗೊತ್ತಾಯಿತು. ಅವರ ಸಮೀಕರಣಗಳಿಗೆ ಗೊತ್ತಿರುವುದು ಕೊಳವೆಯ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ ಮಾತ್ರ. ಎಲ್ಲ ಕಡೆಗೂ ಒಂದೇ ಸಮ ಹತ್ತು ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ, ಸಮೀಕರಣಗಳ ಕಣ್ಣಿಗೆ ಆ ಹತ್ತು ಬೀಳುವುದೇ ಇಲ್ಲ. ಕಾಣದ್ದನ್ನು ತಿದ್ದುವುದು ಹೇಗೆ? ಸಾವಿರ ಸುತ್ತು ತಿದ್ದಿದರೂ ಮೊದಲ ಊಹೆಯಲ್ಲಿದ್ದ ಆ ಪಾಲು ಹಾಗೇ ಉಳಿದು ಉತ್ತರದೊಳಗೆ ಕೂತಿರುತ್ತದೆ. ಇನ್ನೆಷ್ಟು ತಪ್ಪು ಉಳಿದಿದೆ ಎಂದು ಹೇಳಬೇಕಾದ ಶೇಷ ನೋಡಿದರೆ ಎಲ್ಲ ಸರಿಯಾಗಿದೆ ಅನ್ನುತ್ತದೆ. ಸೊನ್ನೆಯಿಂದ ಹೊರಟವರಿಗೆ ಮಾತ್ರ ಈ ಕಾಟವಿಲ್ಲ. ಇದನ್ನು ನನ್ನ ಎಂಟು ತಿಂಗಳಿಗೆ ಹೋಲಿಸಿ ನಾಲ್ಕು ಸಾಲು ಬರೆದು ಹೊಡೆದುಹಾಕಿದೆ. 'ಗಣಿತಾನ ಪುರಾಣ ಮಾಡ್ಬೇಡ' ಅನ್ನುತ್ತಿದ್ದೆ ನೀನು.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಲೇಖನದಲ್ಲಿ ಪ್ರಮೇಯವಿರುವ ಮೂರನೇ ಭಾಗವನ್ನು ಬರೆದವಳು ನೀನು. ನಿನ್ನ ಕರಡಿನಲ್ಲಿ 'ಸೊನ್ನೆಯಿಂದ ಹೊರಟರೆ' ಎಂದೇ ಇತ್ತು. ಅದನ್ನು ಹೊಡೆದು 'ಯಾವುದೇ ಊಹೆಯಿಂದ ಹೊರಟರೂ' ಎಂದು ಮೇಲೆ ಬರೆದವಳು ನಾನು. ಹಾಗೆ ಬರೆದರೆ ಪ್ರಮೇಯ ದೊಡ್ಡದಾಗಿ ಕಾಣುತ್ತದೆ ಅನ್ನಿಸಿತು. ಇನ್ನೂರು ಪರೀಕ್ಷೆ ಮಾಡಿದ್ದೇವೆ, ಎಲ್ಲದರಲ್ಲೂ ಸರಿಬಂದಿದೆ ಎಂದುಕೊಂಡೆ. ಆ ಇನ್ನೂರನ್ನೂ ನಿನ್ನ ಪ್ರೋಗ್ರಾಮು ಸೊನ್ನೆಯಿಂದಲೇ ಶುರು ಮಾಡಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನಿನ್ನ ಶಿಸ್ತು ನನ್ನ ಅಡ್ಡಾದಿಡ್ಡಿಯನ್ನು ಮುಚ್ಚಿಟ್ಟಿತು.

ಆ ವಾರ ನೀನು ಮೊದಲನೇ ಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿದ್ದೆ. ಲೇಖನ ಕಳಿಸುವ ದಿನ ಫೋನಿನಲ್ಲಿ ಬದಲಾವಣೆಗಳನ್ನು ಓದಿ ಹೇಳಿದೆ. ಉಳಿದದ್ದಕ್ಕೆಲ್ಲ ಹೂಂ ಹೂಂ ಎಂದ ನೀನು ಅಲ್ಲಿ ಮಾತ್ರ ತಡೆದೆ. 'ಯಾವುದೇ ಅಂದ್ಯಾ? ಅದನ್ನ ಮಾಡಿ ನೋಡಿದ್ಯಾ?' ನಾನು ನೋಡಿರಲಿಲ್ಲ. 'ನೋಡಿದ್ದೀನಿ, ನೀನು ಮಲ್ಕೋ' ಎಂದೆ. 'ನೀನು ನೋಡಿದ್ದೀನಿ ಅಂದ್ರೆ ಸಾಕು ಬಿಡು' ಎಂದು ನೀನು ಫೋನು ಇಟ್ಟೆ. ನಿನಗೆ ಸುಸ್ತಾಗಿದೆ, ಸುಮ್ಮನೆ ತಲೆ ಕೆಡಿಸಿಕೊಳ್ಳುವುದು ಬೇಡ ಎಂದು ಹಾಗೆ ಹೇಳಿದೆ ಅಂತ ಇಷ್ಟು ದಿನ ನಂಬಿಕೊಂಡಿದ್ದೆ. ಅದಲ್ಲ. ನನಗೆ ಅವಸರವಿತ್ತು.

ಇಷ್ಟೇ ಆಗಿದ್ದರೆ ತಪ್ಪು ಅನ್ನಬಹುದಿತ್ತು. ವಾಚನಾಲಯದ ಬಾಗಿಲ ಪಕ್ಕ ನಿನ್ನ ಫೋಟೋ ಹಾಕಿದ್ದಾರೆ, ಅದರ ಕೆಳಗೆ ಚೌಕಟ್ಟಿನಲ್ಲಿ ಆ ಪ್ರಮೇಯ. ಹೋದ ತಿಂಗಳು ಅದರ ಮುಂದೆಯೇ ನಿಂತು ವಿಭಾಗದ ಮುಖ್ಯಸ್ಥರಿಗೆ ಎಂಜಿನಿಯರ್ ವಿಷಯ ಹೇಳಿದೆ. ಅವರು ದನಿ ತಗ್ಗಿಸಿ, 'ಮೂರನೇ ಭಾಗ ಅವರದಲ್ವಾ? ಪಾಪ, ಆಗ್ಲೇ ಹುಷಾರಿರ್ಲಿಲ್ಲ, ಎಲ್ಲೋ ಕೈತಪ್ಪಿದೆ' ಎಂದರು. ನಾನು 'ಹೂಂ' ಎಂದೆ. ಒಂದೇ ಒಂದು ಹೂಂ. ತಿರುಗಿ ನೋಡಿದರೆ ನಿನ್ನ ಮಗಳು ನಿಂತಿದ್ದಾಳೆ, ನಿನ್ನ ಕಪಾಟಿನ ಪುಸ್ತಕಗಳನ್ನು ಒಯ್ಯಲು ರಟ್ಟಿನ ಡಬ್ಬ ಹಿಡಿದುಕೊಂಡು. 'ಅಮ್ಮ ತಪ್ಪು ಮಾಡಿದ್ಲಾ ದೊಡ್ಡಮ್ಮ?' ಎಂದು ಕೇಳಿದಳು. 'ಆಮೇಲೆ ಹೇಳ್ತೀನಿ, ಡಬ್ಬ ಇಲ್ಲಿಡು' ಎಂದೆ.

ಆ ಆಮೇಲೆಗೆ ಇಪ್ಪತ್ತಾರು ದಿನ ಹಿಡಿಯಿತು. ನಿನ್ನ ಕರಡು ನನ್ನ ಬೀರುವಿನಲ್ಲೇ ಇದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸತ್ತವಳ ಮೇಲೆ ಎಲ್ಲರಿಗೂ ಕನಿಕರವಿದೆ, ಬೈಯುವವರು ಯಾರೂ ಇಲ್ಲ, ನಿನಗೇನು ನಷ್ಟ ಎಂದೂ ಯೋಚಿಸಿದೆ. ನಾಚಿಕೆಯೂ ಆಗಲಿಲ್ಲ ಕಣೇ. ಇಂಥ ಯೋಚನೆ ಬಂದರೂ ನಾಚಿಕೆಯಾಗುತ್ತಿಲ್ಲವಲ್ಲ ಎಂದು ಒಂದು ಮಧ್ಯಾಹ್ನ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಎದ್ದು, ಕರಡು ತೆಗೆದುಕೊಂಡು ನಿಮ್ಮ ಮನೆಗೆ ಹೋದೆ.

ನಿನ್ನ ಮಗಳು ಇಸ್ತ್ರಿ ಹಾಕುತ್ತಿದ್ದಳು. ಕಾಗದ ತೋರಿಸಿ, ಯಾವ ಅಕ್ಷರ ನಿನ್ನದು, ಯಾವುದು ನನ್ನದು ಎಂದು ಬೆರಳಿಟ್ಟು ಹೇಳಿದೆ. ಫೋನಿನ ಮಾತನ್ನೂ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆ ಆರಿಸಿ ಪಕ್ಕಕ್ಕಿಟ್ಟಳು. 'ಅಮ್ಮಂಗೆ ಅನುಮಾನ ಬಂದಿತ್ತು ಹಾಗಾದ್ರೆ?' ಎಂದಳು. ಬಂದಿತ್ತು, ನನ್ನನ್ನು ನಂಬಿ ಬಿಟ್ಟಳು ಎಂದೆ. 'ಮತ್ತೆ ಅವತ್ತು ಸರ್ ಹತ್ರ ಹೂಂ ಅಂದಿದ್ದು?' ನಾನು ಕರಡನ್ನು ಮತ್ತೆ ಮಡಿಸತೊಡಗಿದೆ. ಅವಳು ನನ್ನನ್ನು ಬೈಯಲಿಲ್ಲ, ನೀರು ತಂದುಕೊಟ್ಟಳು. ಹೊರಡುವಾಗ ಬಾಗಿಲವರೆಗೂ ಬಂದವಳು ದೊಡ್ಡಮ್ಮ ಎನ್ನಲಿಲ್ಲ. 'ಹುಷಾರಾಗಿ ಹೋಗಿ' ಎಂದಳು. ಆ ಬಹುವಚನ ಕಿವಿಯಲ್ಲಿ ಹಾಗೇ ಕೂತಿದೆ.

ಮರುದಿನ ಮುಖ್ಯಸ್ಥರಿಗೆ ಹೇಳಿದೆ, ಎಂಜಿನಿಯರಿಗೆ ಬರೆದೆ. ಇವತ್ತು ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಕಳಿಸಲು ಕೂತೆ. ಒಂದು ಪುಟವೂ ಇಲ್ಲ. ಸೊನ್ನೆಯಿಂದ ಹೊರಟರೆ ಪ್ರಮೇಯ ಅಕ್ಷರಶಃ ನಿಜ, ಅದು ನಿನ್ನದು, ಉಳಿದಿದೆ. ಅದನ್ನು ಪರೀಕ್ಷಿಸದೆ ಹಿಗ್ಗಿಸಿದ್ದು ಎರಡನೇ ಲೇಖಕಿ, ಮೊದಲ ಲೇಖಕಿ ಆಗಲೇ ಪ್ರಶ್ನಿಸಿದ್ದರು ಎಂದು ಕೊನೆಯಲ್ಲಿ ಸೇರಿಸಿದೆ. ಇಂಥದ್ದನ್ನೆಲ್ಲ ಅವರು ಅಚ್ಚು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ, ತೆಗೆಯಬೇಡಿ ಎಂದು ಕೇಳಿಕೊಂಡಿದ್ದೇನೆ.

ಕಳಿಸುವ ಮುನ್ನ ಒಂದು ಫಾರಂ ತೆರೆಯಿತು. ಇಬ್ಬರು ಲೇಖಕಿಯರ ಒಪ್ಪಿಗೆಯೂ ಬೇಕು. ಒಬ್ಬರದ್ದು ಸಿಗದಿದ್ದರೆ ಕಾರಣ ಆರಿಸಿ ಎಂದು ಮೂರು ಸಾಲು ಕೊಟ್ಟಿದ್ದರು: ವಿಳಾಸ ಬದಲಾಗಿದೆ, ಉತ್ತರಿಸುತ್ತಿಲ್ಲ, ನಿಧನರಾಗಿದ್ದಾರೆ. ಎರಡನೆಯದರ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತಿದ್ದೆ. ಅದೂ ನಿಜವೇ ಅಲ್ಲವೇ? ಆಮೇಲೆ ಮೂರನೆಯದನ್ನು ಒತ್ತಿದೆ. ದಿನಾಂಕ ಕೇಳಿತು. ಬರೆದೆ. ಆ ಪದವನ್ನೂ ಆ ದಿನಾಂಕವನ್ನೂ ನಾನು ಈವರೆಗೆ ಎಲ್ಲಿಯೂ ಒಟ್ಟಿಗೆ ಬರೆದಿರಲಿಲ್ಲ. ಪರದೆ ಮಸುಕಾಯಿತು, ಕಂಪ್ಯೂಟರ್ ಕೆಟ್ಟಿತು ಎಂದುಕೊಂಡೆ. ನಿನ್ನ ಕುರ್ಚಿಯಲ್ಲಿ ಕೂತ ಹೊಸಬರು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಎಲ್ಲಿದ್ದರೂ ಸುಖವಾಗಿರು ಎಂದು ಬರೆಯಲಾರೆ, ನೀನು ಎಲ್ಲೂ ಇಲ್ಲ. ನಿನ್ನ ಮಗಳು ಚೆನ್ನಾಗಿರಲಿ. ನಿನ್ನ ಹೆಸರು ಚೆನ್ನಾಗಿರಲಿ. ಹೋಗಿ ಬಾ ಅನ್ನುವುದಿಲ್ಲ, ಹೋಗು.

ನಿನ್ನ
ಎರಡನೇ ಲೇಖಕಿ